ಸೋರ್ಸ್ ಇಲ್ಲದ ಟೈಪ್‌ಸ್ಕ್ರಿಪ್ಟ್ ಔಟ್‌ಪುಟ್: ಡೀನೋಗೆ ಸಾಗಿಸಿದವರು ಇದ್ದೀರಾ?

ಗೂಡುದೀಪ: ಹಳೆ ಬಿಲ್ಲಿಂಗ್ ಟೂಲು. ಬರೆದವರು ಕೆಲಸ ಬಿಟ್ಟರು, ಟೈಪ್‌ಸ್ಕ್ರಿಪ್ಟ್ ಸೋರ್ಸ್ ಸಿಗುತ್ತಿಲ್ಲ. ಕಂಪೈಲರ್ ಉಗುಳಿದ 40 ಜೆಎಸ್ ಫೈಲ್ ಮಾತ್ರ ಇವೆ, ಎಲ್ಲಾ ರಿಕ್ವೈರ್ (ಬೇರೆ ಫೈಲ್ ಕರೆಯೋ ಹಳೆ ಕಾಮನ್‌ಜೆಎಸ್ ಶೈಲಿ). ಜಾವಾಸ್ಕ್ರಿಪ್ಟ್ ಓಡಿಸೋ ಡೀನೋದಲ್ಲಿ ಇಎಸ್ ಮಾಡ್ಯೂಲ್ (ಇಂಪೋರ್ಟ್ ಬಳಸೋ ಹೊಸ ಶೈಲಿ) ಆಗಬೇಕು. ಕೈಯಲ್ಲಿ ಮಾಡಲಾ, ಸ್ಕ್ರಿಪ್ಟ್ ಬರೆಯಲಾ?

ರಾತ್ರಿಪಾಳಿ: ನಾನು ಕೈಯಲ್ಲೇ ಮಾಡಿದೆ. 63 ಫೈಲ್, 11 ರಾತ್ರಿ. ರಿಕ್ವೈರ್ ತೆಗೆದು ಇಂಪೋರ್ಟ್ ಹಾಕೋದು, ಫೈಲ್ ಹೆಸರಿನ ಕೊನೆಗೆ ಡಾಟ್ ಜೆಎಸ್ ಸೇರಿಸೋದು ಒಂದೇ ರಾತ್ರಿಯ ಕೆಲಸ. ಉಳಿದ ಹತ್ತನ್ನು ತಿಂದದ್ದು ಸುತ್ತು ಇಂಪೋರ್ಟ್. ಆರ್ಡರ್ ಫೈಲು ಕಸ್ಟಮರ್ ಫೈಲನ್ನು ಕರೆಯುತ್ತೆ, ಅದು ತಿರುಗಿ ಆರ್ಡರನ್ನೇ ಕರೆಯುತ್ತೆ. ಕಾಮನ್‌ಜೆಎಸ್‌ನಲ್ಲಿ ಅರ್ಧ ತುಂಬಿದ ಎಕ್ಸ್‌ಪೋರ್ಟ್ಸ್ ಸಿಕ್ಕಿ ಹೇಗೋ ಗಾಡಿ ಓಡುತ್ತಿತ್ತು. ಇಲ್ಲಿ ಶುರುವಲ್ಲೇ 'ಕ್ಯಾನಾಟ್ ಆಕ್ಸೆಸ್ ಬಿಫೋರ್ ಇನಿಶಿಯಲೈಸೇಶನ್'. ಆದರೆ ಇವತ್ತು ಒಂದೊಂದು ಸಾಲೂ ನನಗೆ ಗೊತ್ತು.

ಕಟ್ಟೆಪುರಾಣ: 11 ರಾತ್ರಿನಾ! ಕೋಡನ್ನು ಸ್ಕ್ರಿಪ್ಟ್ ಮೂಲಕ ತಿದ್ದೋ ಟೂಲು ಜೆಎಸ್‌ಕೋಡ್‌ಶಿಫ್ಟ್‌ನಲ್ಲಿ ನನಗೆ 3 ಗಂಟೆ ಸಾಕಾಯಿತು. ಒಂದೇ ಎಡವಟ್ಟು. ಇಂಪೋರ್ಟ್‌ಡಿಫಾಲ್ಟ್ ಹೆಲ್ಪರ್ (ರಿಕ್ವೈರ್ ಮಾಡಿದ್ದನ್ನು 'ಡಿಫಾಲ್ಟ್' ಒಳಗೆ ಸುತ್ತಿ ಕೊಡೋ ಕಂಪೈಲರ್ ಕೋಡು) ಕಿತ್ತು ಹಾಕಿದೆ, ಕೋಡ್ ಒಳಗಿನ 'ಡಾಟ್ ಡಿಫಾಲ್ಟ್' ಹಾಗೇ ಉಳಿಯಿತು. ತಿಂಗಳ ರಿಪೋರ್ಟ್ ತಿಂಗಳಿಗೊಮ್ಮೆ ತಾನೇ ಓಡೋದು. 31ರ ರಾತ್ರಿ ಸರಿಯಾಗಿ 'ಈಸ್ ನಾಟ್ ಎ ಫಂಕ್ಷನ್'. ಕ್ಲೈಂಟ್ ಎರಡು ದಿನದ ದುಡ್ಡು ಹಿಡಿದರು.

ರಾತ್ರಿಪಾಳಿ: ಅಂದ್ರೆ 3 ಗಂಟೆ, ಪ್ಲಸ್ ಒಂದು ತಿಂಗಳು. ಅಲ್ವಾ?

ಕಟ್ಟೆಪುರಾಣ: ನಿಮ್ಮ ಹಾಗೆ 63 ಫೈಲನ್ನು ಬಾಯಿಪಾಠ ಮಾಡೋ ಪುರುಸೊತ್ತು ನನಗಿಲ್ಲ ಸ್ವಾಮಿ.

ಮಳೆನಿಂತಮೇಲೆ: ಇಬ್ಬರೂ ಸುಮ್ನೆ ಕಷ್ಟಪಟ್ಟಿದ್ದೀರಿ. ನಾನು ಮೊದಲು ಹುಡುಕಿದ್ದು ಡಾಟ್ ಮ್ಯಾಪ್ ಫೈಲು, ಜೆಎಸ್ ಸಾಲನ್ನು ಮೂಲ ಸಾಲಿಗೆ ಜೋಡಿಸೋದು. ಅದರೊಳಗೆ 'ಸೋರ್ಸಸ್‌ಕಂಟೆಂಟ್'ನಲ್ಲಿ ಮೂಲ ಟೈಪ್‌ಸ್ಕ್ರಿಪ್ಟ್ ಕಾಮೆಂಟ್ ಸಮೇತ ಕೂತಿತ್ತು. ಎಂಟು ಸಾಲಿನ ಸ್ಕ್ರಿಪ್ಟ್‌ನಲ್ಲಿ ಈಚೆ ತೆಗೆದೆ.

ರಾತ್ರಿಪಾಳಿ: ಇನ್‌ಲೈನ್‌ಸೋರ್ಸಸ್ ಅನ್ನೋ ಕಂಪೈಲರ್ ಆಯ್ಕೆ ಆನ್ ಇಟ್ಟು ಕಂಪೈಲ್ ಮಾಡಿದ್ದರೆ ಮಾತ್ರ ಸಿಗುತ್ತೆ. ನನ್ನ ಮ್ಯಾಪ್‌ನಲ್ಲಿ ಬರೀ ಫೈಲ್ ಹೆಸರು. ನೋಡಿರಲಿಲ್ಲ ಅಂದುಕೊಂಡಿರಾ?

ಅರ್ಧಚಹಾ: ಇಎಸ್ ಮಾಡ್ಯೂಲ್ ಹುಚ್ಚು ಯಾಕೆ? ಈಗಿನ ಡೀನೋ 2ರಲ್ಲಿ ಡಾಟ್ ಸಿಜೆಎಸ್ (ಕಾಮನ್‌ಜೆಎಸ್ ಫೈಲಿನ ಗುರುತು) ಅಂತ ಹೆಸರು ಬದಲಿಸಿ, ಓಡುತ್ತೆ. ನಮ್ಮಲ್ಲಿ ಹಾಗೇ ನಡೆದಿದೆ.

ಕಟ್ಟೆಪುರಾಣ: ಹೆಸರು ಬದಲಿಸಿದ ಮೇಲೆ ಎಕ್ಸ್‌ಟೆನ್ಶನ್ ಇಲ್ಲದ ರಿಕ್ವೈರ್‌ಗೆ ಆ ಫೈಲ್ ಸಿಗೋದು ಹೇಗೆ? ಅದು ಡಾಟ್ ಜೆಎಸ್ ಹುಡುಕುತ್ತೆ, ಡಾಟ್ ಸಿಜೆಎಸ್ ಅಲ್ಲ. ಎಷ್ಟು ಫೈಲ್ ಇತ್ತು ನಿಮ್ಮದು?

ಅರ್ಧಚಹಾ: ಒಂದು.

ರಾತ್ರಿಪಾಳಿ: ಒಂದು!!