ಸಹಾಯ ಬೇಕು: ವಿಜಿಎ ಮಾನಿಟರ್‌ನಲ್ಲಿ ಚಿತ್ರ ಬಂದು ಬಂದು ಹೋಗುತ್ತಿದೆ

ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ (ಡಿಜಿಟಲ್) ಪೋರ್ಟ್ ಮಾತ್ರ ಇದೆ, ಮನೆಯಲ್ಲಿರುವುದು ಹಳೇ ವಿಜಿಎ (ಅನಲಾಗ್) ಮಾನಿಟರ್. ಅಡಾಪ್ಟರ್ ಹಾಕಿದ್ದೇನೆ. ಚಿತ್ರ ಬರುತ್ತದೆ, ಸ್ವಲ್ಪ ಹೊತ್ತಿಗೆ ಸ್ಕ್ರೀನ್ ಕಪ್ಪಾಗುತ್ತದೆ, ಮತ್ತೆ ತಾನೇ ಬರುತ್ತದೆ. ರೆಸಲ್ಯೂಶನ್ (ಚಿತ್ರದ ಚುಕ್ಕಿಗಳ ಸಂಖ್ಯೆ) 1024×768ಕ್ಕೆ ಇಳಿಸಿದರೆ ತೊಂದರೆ ಕಡಿಮೆ, 1920×1080 ಇಟ್ಟರೆ ಜಾಸ್ತಿ. ಕೇಬಲ್ ಬದಲಿಸಿದರೂ ಅದೇ ಕತೆ.

ಡಿಜಿಟಲ್ ಸಿಗ್ನಲ್ಲನ್ನು ಅನಲಾಗ್ ಮಾಡುವ ಚಿಪ್ ಅಡಾಪ್ಟರ್ ಒಳಗೇ ಇರುತ್ತದೆ, ಅದಕ್ಕೆ ಕರೆಂಟ್ ಬೇಕಲ್ವಾ? ಎಚ್‌ಡಿಎಂಐ ಪೋರ್ಟ್ ಕೊಡಲೇಬೇಕಾದದ್ದು ಬರೀ 55 ಮಿಲಿಆಂಪ್. ಅದು ಸಾಲುತ್ತಿಲ್ಲ ಅಂತ ನನ್ನ ಅನುಮಾನ. ಯುಎಸ್‌ಬಿಯಿಂದ ಬೇರೆಯಾಗಿ ಪವರ್ ಕೊಡುವಂಥ ಅಡಾಪ್ಟರ್ ತಗೊಂಡರೆ ಸರಿಹೋಗುತ್ತದಾ? ಬಳಸಿದವರು ದಯವಿಟ್ಟು ಹೇಳಿ. ವಿಜಿಎಯಲ್ಲಿ ಸೌಂಡ್ ಬರಲ್ಲ ಅನ್ನೋದು ಗೊತ್ತು, ಅದಕ್ಕೆ ಸ್ಪೀಕರ್ ಇದೆ. ಹೊಸ ಮಾನಿಟರ್ ತಗೊಳ್ಳಿ ಅಂತ ಮಾತ್ರ ಹೇಳಬೇಡಿ!