ಮಂಗೋಲರನ್ನು ಕೆಡವಿದ್ದು ಶತ್ರುಗಳೋ, ದಾಯಾದಿಗಳೋ?

ಗುಂಪಿನ ಈ ವಾರದ ಪ್ರಶ್ನೋತ್ತರ. ಉತ್ತರಿಸುವವರು: ಮಧ್ಯಯುಗದ ಏಷ್ಯಾ ಇತಿಹಾಸ ಪಾಠ ಮಾಡುವ ಪ್ರಾಧ್ಯಾಪಕಿ.

ಪ್ರಶ್ನೆ: ನಮಸ್ತೆ ಮೇಡಂ. ಕೆಎಎಸ್‌ಗೆ ಓದ್ತಿದ್ದೀನಿ. ನೋಟ್ಸ್‌ನಲ್ಲಿ "1260ರ ಐನ್ ಜಾಲೂತ್ ಕದನದಲ್ಲಿ ಈಜಿಪ್ಟಿನ ಮಮ್ಲೂಕರು ಮಂಗೋಲರನ್ನು ಸೋಲಿಸಿದರು, ಅಲ್ಲಿಂದ ಅವನತಿ" ಅಂತ ಒಂದೇ ಸಾಲಿದೆ. ಚೀನಾದಿಂದ ರಷ್ಯಾವರೆಗೆ ಗೆದ್ದವರು ಒಂದು ಯುದ್ಧ ಸೋತಿದ್ದಕ್ಕೇ ಮುಳುಗಿಹೋದ್ರಾ?

ಉತ್ತರ: ಇಲ್ಲ. ಐನ್ ಜಾಲೂತ್‌ನಲ್ಲಿ ಸೋತದ್ದು ಕಿತ್‌ಬುಕಾ ಎಂಬ ಸರದಾರನ ಕೈಕೆಳಗೆ ಉಳಿದಿದ್ದ ದಂಡು. ದೊಡ್ಡ ಸೈನ್ಯವನ್ನು ಚೆಂಗಿಸ್ ಖಾನನ ಮೊಮ್ಮಗ, ಇರಾನ್ ಕಡೆಯ ಖಾನ ಹುಲಗು ಅದಕ್ಕೂ ಮೊದಲೇ ಸಿರಿಯಾದಿಂದ ವಾಪಸ್ ಕರೆದುಕೊಂಡು ಹೋಗಿದ್ದ. ಅಷ್ಟು ಕುದುರೆಗಳಿಗೆ ಅಲ್ಲಿ ಮೇವು ಸಾಲುತ್ತಿರಲಿಲ್ಲ. ಫ್ರಾನ್ಸಿನ ದೊರೆಗೆ ಬರೆಸಿದ ಪತ್ರದಲ್ಲಿ ಅವನೇ ಇದನ್ನು ಹೇಳಿಕೊಂಡಿದ್ದಾನೆ. ಜತೆಗೆ ಪೂರ್ವದಿಂದ ಕೆಟ್ಟ ಸುದ್ದಿ. ಅವನ ಅಣ್ಣ, ಮಹಾಖಾನ ಮೋಂಗ್ಕೆ, 1259ರ ಆಗಸ್ಟ್‌ನಲ್ಲಿ ಸಿಚುವಾನ್‌ನಲ್ಲಿ ಕೋಟೆಯೊಂದಕ್ಕೆ ಮುತ್ತಿಗೆ ಹಾಕಿದ್ದಾಗಲೇ ತೀರಿಕೊಂಡಿದ್ದ.

ನನ್ನನ್ನು ಕೇಳಿದರೆ ಸಾಮ್ರಾಜ್ಯ ಒಡೆದದ್ದು 1260ರಿಂದ 1264ರ ನಡುವೆ, ಮನೆಯೊಳಗೆ. ಮೋಂಗ್ಕೆ ಸತ್ತ ಮೇಲೆ ತಮ್ಮ ಕುಬ್ಲಾಯ್ ಚೀನಾ ಕಡೆ ತನ್ನದೇ ಸಭೆ ಸೇರಿಸಿ ಮಹಾಖಾನನಾದ. ಕಿರಿಯ ತಮ್ಮ ಅರಿಕ್ ಬೋಕೆ ಮಂಗೋಲಿಯಾದ ರಾಜಧಾನಿ ಕಾರಕೋರಂನಲ್ಲಿ ಇನ್ನೊಂದು ಸಭೆ ಸೇರಿಸಿ ತಾನೂ ಮಹಾಖಾನನಾದ. ನಾಲ್ಕು ವರ್ಷ ಅಣ್ಣತಮ್ಮಂದಿರ ಯುದ್ಧ. ಅದೇ ಹೊತ್ತಿಗೆ, 1262ರಲ್ಲಿ, ರಷ್ಯಾ ಕಡೆಯ ಖಾನ ಬರ್ಕೆ ತನ್ನ ಚಿಕ್ಕಪ್ಪನ ಮಗ ಹುಲಗುವಿನ ಮೇಲೆ ಕಾಕಸಸ್‌ನಲ್ಲಿ ತಿರುಗಿಬಿದ್ದ. ಬರ್ಕೆ ಕೈಜೋಡಿಸಿದ್ದು ಯಾರ ಜತೆ ಗೊತ್ತೇ? ಐನ್ ಜಾಲೂತ್‌ನಲ್ಲಿ ಮಂಗೋಲರನ್ನು ಸೋಲಿಸಿದ ಅದೇ ಮಮ್ಲೂಕರ ಜತೆ. ಬರ್ಕೆ ಇಸ್ಲಾಮಿಗೆ ಸೇರಿದ್ದ, ಬಾಗ್ದಾದಿನ ಖಲೀಫನನ್ನು ಹುಲಗು 1258ರಲ್ಲಿ ಕೊಂದಿದ್ದ, ಆ ಸಿಟ್ಟು ಇದ್ದದ್ದು ನಿಜ. ಆದರೆ ಅಜರ್‌ಬೈಜಾನಿನ ಹುಲ್ಲುಗಾವಲು ತನ್ನ ಪಾಲಿನದು ಎಂಬ ಸಿಟ್ಟು ಅದಕ್ಕಿಂತ ಕಡಿಮೆ ಇರಲಿಲ್ಲ.

ಪ್ರಶ್ನೆ: ಪಾಲು ಅಂದ್ರೆ? ಗೆದ್ದ ದೇಶವನ್ನ ಮಕ್ಕಳಿಗೆ ಹಂಚಿದ್ರಾ?

ಉತ್ತರ: ಹಂಚಿದ್ದರು, ಆದರೆ ಬೇರೆ ಮಾಡಿರಲಿಲ್ಲ. ತಕರಾರು ಹುಟ್ಟಿದ್ದೇ ಅಲ್ಲಿ. ಸಾಮ್ರಾಜ್ಯ ಖಾನನೊಬ್ಬನದಲ್ಲ, ಚೆಂಗಿಸ್‌ನ ಇಡೀ ವಂಶದ್ದು. ಹಿರಿಯ ಜೋಚಿಯ ಮಕ್ಕಳಿಗೆ ಪಶ್ಚಿಮದ ಬಯಲು, ಎರಡನೆಯ ಚಗತಾಯ್‌ಗೆ ಮಧ್ಯ ಏಷ್ಯಾ, ಮೂರನೆಯ ಓಗೆದೆಯ್‌ಗೆ ಪಟ್ಟ. ಕಿರಿಯವನಿಗೆ ಮೂಲಮನೆ ಎಂಬ ಪದ್ಧತಿಯಂತೆ ತೊಲುಯ್‌ಗೆ ತವರು ನೆಲ. ಪರ್ಷಿಯನ್ ಇತಿಹಾಸಕಾರ ರಶೀದುದ್ದೀನ್ ಕೊಡುವ ಲೆಕ್ಕದಲ್ಲಿ ಒಟ್ಟು 1,29,000 ಸೈನಿಕರಲ್ಲಿ 1,01,000 ಮಂದಿ ತೊಲುಯ್ ಪಾಲಿಗೆ ಬಂದರು. ಪಟ್ಟ ಒಬ್ಬನಿಗೆ, ದಂಡು ಇನ್ನೊಬ್ಬನಿಗೆ! 1251ರಲ್ಲಿ ತೊಲುಯ್‌ನ ಹೆಂಡತಿ ಸೊರ್ಕೊಕ್ತಾನಿ ತನ್ನ ಮಗ ಮೋಂಗ್ಕೆಯನ್ನು ಗದ್ದುಗೆಗೆ ಏರಿಸಿ ಓಗೆದೆಯ್ ಮನೆಯವರನ್ನು ಮೂಲೆಗೆ ತಳ್ಳಿದಳು. ಮೋಂಗ್ಕೆ ಅವರಲ್ಲಿ ಹಲವರನ್ನು ಕೊಲ್ಲಿಸಿದ.

ಇನ್ನೂ ಸೋಜಿಗ ಆದಾಯದ ಹಂಚಿಕೆಯದು. ರಷ್ಯಾ ಕಡೆ ಇದ್ದ ಜೋಚಿಯ ಮಗ ಬಾತುವಿಗೆ ಉತ್ತರ ಚೀನಾದ ಪಿಂಗ್‌ಯಾಂಗ್ ಎಂಬಲ್ಲಿನ ಕಂದಾಯದಲ್ಲಿ ಪಾಲಿತ್ತು. ಒಬ್ಬರ ಹೊಲದಲ್ಲಿ ಇನ್ನೊಬ್ಬರ ತೆಂಗಿನಮರ ಇದ್ದಂತೆ. ಒಗ್ಗಟ್ಟು ಇರುವವರೆಗೆ ಎಲ್ಲ ಸಲೀಸು, ಮುನಿಸು ಬಂದ ದಿನ ಪ್ರತಿ ಮರಕ್ಕೂ ಜಗಳ.

ಮುಂದಿನ ಖಾನ ಯಾರೆಂದು ಹೇಳುವ ಗಟ್ಟಿ ನಿಯಮವೂ ಇರಲಿಲ್ಲ. ಕುರುಲ್ತಾಯ್ ಸಭೆ ಸೇರಿ ಒಪ್ಪಬೇಕು. ಓಗೆದೆಯ್ 1241ರಲ್ಲಿ ಸತ್ತಾಗ ಮುಂದಿನವನು ಬರಲು 1246 ಆಯಿತು. ನಡುವೆ ಆಳಿದ್ದು ಅವನ ಹೆಂಡತಿ ತೊರೆಗೆನೆ.

ಪ್ರಶ್ನೆ: ಇಷ್ಟು ಜಗಳಗಂಟರು ಮೊದಲು ಗೆದ್ದದ್ದಾದ್ರೂ ಹೇಗೆ? ಬರೀ ಕುದುರೆ, ಬಿಲ್ಲಾ?

ಉತ್ತರ: ಕುದುರೆ, ಬಿಲ್ಲು ಹೂಣರಿಗೂ ಇದ್ದವು. ತೆಮುಜಿನ್ 1206ರಲ್ಲಿ ಚೆಂಗಿಸ್ ಖಾನನಾದ ಮೇಲೆ ಮಾಡಿದ ಮುಖ್ಯ ಕೆಲಸ ಬುಡಕಟ್ಟುಗಳನ್ನು ಬೆರೆಸಿದ್ದು. ಸೋತ ಕುಲಗಳನ್ನು ಒಡೆದು 10, 100, 1,000, 10,000ರ ಪಡೆಗಳಲ್ಲಿ ಹಂಚಿದ. ತನ್ನ ಪಡೆ ಬಿಟ್ಟು ಇನ್ನೊಂದಕ್ಕೆ ಹೋದವನಿಗೆ ಮರಣದಂಡನೆ. ಸರದಾರರ ಮಕ್ಕಳನ್ನು ತನ್ನ 10,000 ಮಂದಿಯ ಕಾವಲು ಪಡೆಗೆ ಸೇರಿಸಿಕೊಂಡ. ಗೌರವವೂ ಆಯಿತು, ಒತ್ತೆಯೂ ಆಯಿತು. ಕೋಟೆ ಮುರಿಯಲು ಬಾರದಿದ್ದರೆ ಬಲ್ಲವರನ್ನು ತರುತ್ತಿದ್ದರು: ಚೀನಾದ ಕೋಟೆನಗರ ಶಿಯಾಂಗ್‌ಯಾಂಗ್‌ನ ಮುತ್ತಿಗೆ ವರ್ಷಗಟ್ಟಲೆ ನಡೆದು, ಕಡೆಗೆ ಪಶ್ಚಿಮ ಏಷ್ಯಾದಿಂದ ಕರೆಸಿದ ಮುಸ್ಲಿಂ ತಜ್ಞರ ಕಲ್ಲೆಸೆಯುವ ಯಂತ್ರಗಳಿಂದ 1273ರಲ್ಲಿ ಮುಗಿಯಿತು.

ಪ್ರಶ್ನೆ: ಬಾಗ್ದಾದ್, ಮರ್ವ್ ನಾಶ ಮಾಡಿದವರನ್ನ ಹೊಗಳ್ತಿದ್ದೀರಲ್ಲ ಮೇಡಂ?

ಉತ್ತರ: ಹೊಗಳಿಕೆಯಲ್ಲ ಸರ್. ಮರ್ವ್ ಇದ್ದ ಖುರಾಸಾನ್ ಸೀಮೆಯ ಕಾಲುವೆಗಳನ್ನು, ಊರುಗಳನ್ನು ಹಾಳುಗೆಡವಿದವರೂ ಅವರೇ, ಕುದುರೆ ಬದಲಿಸುವ ಅಂಚೆ ಠಾಣೆಗಳನ್ನು ಏಷ್ಯಾದುದ್ದಕ್ಕೂ ಇಟ್ಟವರೂ ಅವರೇ. ಉತ್ತರ ಚೀನಾದ ರೈತರನ್ನು ಓಡಿಸಿ ಮೇವಿನ ಬಯಲು ಮಾಡೋಣ ಎಂಬ ಸಲಹೆ ಬಂದಾಗ, ಯೆಲು ಚುತ್ಸಾಯ್ ಎಂಬ ಮಂತ್ರಿ ಕಂದಾಯದ ಲೆಕ್ಕ ತೋರಿಸಿ ಓಗೆದೆಯ್‌ನ ಮನಸ್ಸು ತಿರುಗಿಸಿದ. ದಯೆಯ ಮಾತು ಅಲ್ಲಿ ನಡೆಯುತ್ತಿರಲಿಲ್ಲ, ಲೆಕ್ಕ ನಡೆಯಿತು. ಎಲ್ಲ ಖಾನರಿಗೂ ಲೆಕ್ಕ ಬರುತ್ತಿತ್ತು ಎಂದಲ್ಲ. ಚೀನಾದ ಕಾಗದದ ಹಣ ನೋಡಿ ಇರಾನಿನ ಗೈಖಾತು 1294ರಲ್ಲಿ ತಬ್ರೀಜ್‌ನಲ್ಲಿ ನೋಟು ಹೊರಡಿಸಿದ. ಯಾರೂ ಮುಟ್ಟಲಿಲ್ಲ, ಬಜಾರು ಬಾಗಿಲು ಹಾಕಿತು, ಹಿಂದಕ್ಕೆ ಪಡೆದ.

ಪ್ರಶ್ನೆ: ಹಂಗಾರ ಮಂಗೋಲರು ನಮ್ ಕಡೆ ಬಂದಿದ್ರೇನ್ರಿ ಮೇಡಂ?

ಉತ್ತರ: ಕನ್ನಡ ನಾಡಿಗೆ ದಂಡೆತ್ತಿ ಬರಲಿಲ್ಲ ರೀ. 1241ರಲ್ಲಿ ಲಾಹೋರ್ ಲೂಟಿ ಮಾಡಿದರು, 1299 ಮತ್ತು 1303ರಲ್ಲಿ ದೆಹಲಿಯವರೆಗೂ ಬಂದು ಹಿಂದೆ ಸರಿದರು. ಅವರನ್ನು ತಡೆಯಲು ಅಲಾವುದ್ದೀನ್ ಖಿಲ್ಜಿ ದೊಡ್ಡ ಕಾಯಂ ಸೈನ್ಯ ಇಟ್ಟ, ಅದನ್ನು ಸಾಕಲು ದೆಹಲಿಯಲ್ಲಿ ಧಾನ್ಯದ ಬೆಲೆ ಕಟ್ಟಿದ. ದಕ್ಷಿಣದ ಸಂಪತ್ತಿನ ಮೇಲೂ ಅವನ ಕಣ್ಣಿತ್ತು. ಅವನ ಸೇನಾಪತಿ ಮಲಿಕ್ ಕಾಫೂರ್ 1311ರಲ್ಲಿ ದ್ವಾರಸಮುದ್ರಕ್ಕೆ ಬಂದು ಹೊಯ್ಸಳ ದೊರೆ ಮೂರನೆಯ ಬಲ್ಲಾಳನಿಂದ ಕಪ್ಪ ವಸೂಲಿ ಮಾಡಿದ.

ಪ್ರಶ್ನೆ: ಕೊನೆಗೆ ಇರಾನ್, ಚೀನಾ, ರಷ್ಯಾ, ಮಧ್ಯ ಏಷ್ಯಾ ಅಂತ ಆದ ಆ ನಾಲ್ಕು ಭಾಗ ಏನಾದವು? ಬಾಬರ್ ಇವರ ಪೈಕಿಯವನೇ ತಾನೆ?

ಉತ್ತರ: ಇರಾನಿನದು ಬೇಗ ಮುಗಿಯಿತು: 1335ರಲ್ಲಿ ಅಲ್ಲಿನ ಖಾನ ಅಬು ಸಯೀದ್ ಗಂಡುಮಕ್ಕಳಿಲ್ಲದೆ ಸತ್ತ, ರಾಜ್ಯ ಚೂರಾಯಿತು. ಚೀನಾದಲ್ಲಿ 1307ರಿಂದ 1333ರೊಳಗೆ ಎಂಟು ಮಂದಿ ಗದ್ದುಗೆ ಏರಿದರು. ಆಮೇಲೆ ಹಳದಿ ನದಿಯ ಪ್ರವಾಹ, ಬೆಲೆಯಿಲ್ಲದ ನೋಟು, 1351ರ ಕೆಂಪು ಮುಂಡಾಸಿನವರ ದಂಗೆ. 1368ರಲ್ಲಿ ಅಲ್ಲಿನ ಕೊನೆಯ ಮಂಗೋಲ ದೊರೆ ತೊಗೊನ್ ತೆಮೂರ್ ಈಗಿನ ಬೀಜಿಂಗ್ ಬಿಟ್ಟು ಬಯಲಿಗೆ ಓಡಿದ. ರಷ್ಯಾ ಕಡೆಯವರನ್ನು 1395ರಲ್ಲಿ ತೈಮೂರ್ ಜಜ್ಜಿದ. ಅವರ ಒಂದು ಕವಲಾದ ಕ್ರಿಮಿಯಾದ ಖಾನರು ಮಾತ್ರ 1783ರವರೆಗೂ ಉಳಿದರು.

ಮಧ್ಯ ಏಷ್ಯಾದ ಚಗತಾಯ್ ಭಾಗ ಒಡೆದಾಗ ಪಶ್ಚಿಮದಲ್ಲಿ ತಲೆಯೆತ್ತಿದವನು ತೈಮೂರ್. ಅವನು ಚೆಂಗಿಸ್‌ನ ವಂಶದವನಲ್ಲ. ಅದಕ್ಕೇ ತಾನು ಖಾನ್ ಎಂದು ಕರೆಸಿಕೊಳ್ಳದೆ, ಆ ವಂಶದವನೊಬ್ಬನನ್ನು ಹೆಸರಿಗೆ ಕೂರಿಸಿ, ಅವರ ಮನೆಯ ಹೆಣ್ಣನ್ನು ಮದುವೆಯಾಗಿ 'ಅಳಿಯ' ಎಂಬ ಬಿರುದು ಇಟ್ಟುಕೊಂಡ. ಬಾಬರ್ ತಂದೆ ಕಡೆಯಿಂದ ಈ ತೈಮೂರನ ವಂಶದವನು. ಅವನ ತಾಯಿ ಕುತ್ಲುಗ್ ನಿಗಾರ್ ಖಾನಂ, ಚಗತಾಯ್ ವಂಶದ ಯೂನುಸ್ ಖಾನನ ಮಗಳು. ಹಾಗಾಗಿ ಹೌದು, ತಾಯಿಯ ಕಡೆಯಿಂದ.