‘ಗಾಳಿಗೊಡ್ಡು’, ‘ಗಾಳಿ ಸೋಕು’, ‘ಗಾಳಿ ತಾಗು’: ಮಲ ಕಸಿಯ ಬರಹಕ್ಕೆ ಯಾವುದು ಹೊಂದುತ್ತದೆ?

ಮಾನ್ಯರೇ,

ಆರೋಗ್ಯವಂತರ ಮಲವನ್ನು ಲವಣದ್ರಾವಣದಲ್ಲಿ ಕದಡಿ, ಸೋಸಿ, ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆಯನ್ನು ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ‘ಮಲ ಕಸಿ’ ಎಂಬ ಹೆಸರು ನನಗೆ ಒಪ್ಪಿಗೆಯಾಗಿದೆ. ತೊಡಕಿರುವುದು, ಅಣಿಗೊಳಿಸುವಾಗ ಅದಕ್ಕೆ ಗಾಳಿ ತಗಲುವುದನ್ನು ಹೇಳುವ ಮಾತಿನಲ್ಲಿ.

ದೊಡ್ಡಕರುಳಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ನೆಲೆಸಿರುವ ಅನೇಕ ಬ್ಯಾಕ್ಟೀರಿಯಾಗಳಲ್ಲಿ, ಆಮ್ಲಜನಕದಿಂದ ಹುಟ್ಟುವ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ಗಳನ್ನು ಇಲ್ಲವಾಗಿಸುವ ಕಿಣ್ವಗಳು ಸಾಕಷ್ಟಿರುವುದಿಲ್ಲ; ಕದಡುವಾಗ ಒಳಗೆ ಬೆರೆಯುವ ಗಾಳಿಯೇ ಅವುಗಳನ್ನು ಕೊಲ್ಲುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಮ್ಲಜನಕವಿಲ್ಲದ ಸ್ಥಿತಿಯಲ್ಲಿ ಸಿದ್ಧಪಡಿಸಿದ ಮಾದರಿಗಳಲ್ಲಿ ಸುಮಾರು ಶೇ. 50ರಷ್ಟು ಬ್ಯಾಕ್ಟೀರಿಯಾಗಳು ಬದುಕಿದ್ದರೆ, ತೆರೆದ ಗಾಳಿಯಲ್ಲಿ ಕದಡಿದವುಗಳಲ್ಲಿ ಉಳಿದದ್ದು ಶೇ. 19 ಮಾತ್ರ. ಬ್ಯುಟಿರೇಟ್ ತಯಾರಿಸಿ ಕರುಳಿನ ಒಳಪದರವನ್ನು ಪೋಷಿಸುವ ಫೀಕಾಲಿಬ್ಯಾಕ್ಟೀರಿಯಂನಂಥವಕ್ಕೆ ಬಿದ್ದ ಪೆಟ್ಟು ದೊಡ್ಡದು. ಆದರೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ತರುವ ಭೇದಿ, ತೆರೆದ ಗಾಳಿಯಲ್ಲಿ ಸಿದ್ಧಪಡಿಸಿದ ಮಲದಿಂದಲೂ ಗುಣವಾಗುತ್ತ ಬಂದಿದೆ. ಆದ್ದರಿಂದ ‘ಗಾಳಿಯಿಂದ ಕೆಡುತ್ತದೆ’ ಎಂದು ಬರೆದರೆ ಅತಿಯಾಗುತ್ತದೆ.

‘ಗಾಳಿಗೊಡ್ಡು’ ಎಂದರೆ ಹಾಸಿಗೆಯನ್ನೋ ಧಾನ್ಯವನ್ನೋ ಒಳ್ಳೆಯದಾಗಲೆಂದು ಬೇಕೆಂದೇ ಹರವುವ ಚಿತ್ರ ಮೂಡುತ್ತದೆ. ಇಲ್ಲಿ ನಡೆಯುವುದು ತದ್ವಿರುದ್ಧ. ‘ಗಾಳಿ ಸೋಕು’ ಎಂದರೆ ಹಳ್ಳಿಗಳಲ್ಲಿ ಇಂದಿಗೂ ದೆವ್ವ ಹಿಡಿಯಿತೆಂಬ ಅರ್ಥವೇ ಮೊದಲು ಹೊಳೆಯುತ್ತದೆ, ರೋಗಿಗಳು ಓದುವ ಬರಹದಲ್ಲಿ ಅದು ಸಲ್ಲದು. ನನ್ನ ಒಲವು ‘ಗಾಳಿ ತಾಗು’ ಎಂಬುದರತ್ತ. ‘ಗಾಳಿ ತಾಗಿದ ಅವಧಿ’ ಎಂದು ಅದನ್ನು ಸಲೀಸಾಗಿ ಬಳಸಲೂ ಬರುತ್ತದೆ.

ಇನ್ನೊಂದು ಪ್ರಶ್ನೆ, ಆಮ್ಲಜನಕವಿಲ್ಲದೆ ಬದುಕುವ ಜೀವಿಗಳಿಗೆ ಬಳಸುವ ‘ಅವಾಯುಜೀವಿ’ ಎಂಬ ಪದದ್ದು. ಈ ಬ್ಯಾಕ್ಟೀರಿಯಾಗಳನ್ನು ಸಾಕುವ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ನೈಟ್ರೋಜನ್, ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್‌ಗಳ ಮಿಶ್ರಣ ತುಂಬಿರುತ್ತದೆ, ಇಲ್ಲದಿರುವುದು ಆಮ್ಲಜನಕವೊಂದೇ; ಆದ್ದರಿಂದ ‘ವಾಯುವಿಲ್ಲದೆ ಬದುಕುವುದು’ ಎಂಬ ಅರ್ಥ ಸರಿಹೊಂದದು. ಇದಲ್ಲದೆ, ಇ. ಕೋಲಿಯಂತೆ ಆಮ್ಲಜನಕವಿದ್ದರೂ ಇಲ್ಲದಿದ್ದರೂ ಬದುಕಬಲ್ಲವುಗಳನ್ನೂ, ಅದು ತಾಗಿದರೆ ಸಾಯುವವುಗಳನ್ನೂ ಬೇರೆಬೇರೆಯಾಗಿ ಹೆಸರಿಸಲೇಬೇಕು, ಏಕೆಂದರೆ ಗಾಳಿ ತಾಗಿದ ಮಾದರಿಯಲ್ಲಿ ಮೊದಲಿನವು ಉಳಿದು ಎರಡನೆಯವು ಅಳಿಯುವುದರಿಂದ ಬದುಕಿರುವವುಗಳ ಪ್ರಮಾಣವೇ ಏರುಪೇರಾಗುತ್ತದೆ. ಎರಡನೆಯವಕ್ಕೆ ‘ಆಮ್ಲಜನಕ ತಾಳದ’ ಎಂದು ಬರೆದಿದ್ದೇನೆ. ಮೊದಲಿನವಕ್ಕೆ ಇಷ್ಟೇ ಚಿಕ್ಕ ಮಾತು ಸಿಕ್ಕಿಲ್ಲ. ಸೂಕ್ಷ್ಮಜೀವಿಶಾಸ್ತ್ರವನ್ನು ಕನ್ನಡದಲ್ಲಿ ಪಾಠ ಹೇಳುವವರು ತರಗತಿಯಲ್ಲಿ ಇವೆರಡಕ್ಕೂ ಏನನ್ನುತ್ತಾರೆಂದು ದಯವಿಟ್ಟು ತಿಳಿಸಬೇಕು.